ಬಯಲ ಬೆಳಕಿನಲ್ಲಿ ಮನೆಮಂದಿಯ ಚಿತ್ರ

ಮನೆಯಲ್ಲಿ ಹಿರಿಯರೊಬ್ಬರು ಕಾಲವಾದಾಗ, ದುಃಖದ ನಡುವೆಯೂ ಮೊದಲ ದಿನವೇ ಎದುರಾಗುವ ಪ್ರಶ್ನೆಯೊಂದುಂಟು: ಹಾರ ಹಾಕಲು ಅವರದೊಂದು ಒಳ್ಳೆಯ ಭಾವಚಿತ್ರ ಎಲ್ಲಿದೆ? ಬೀರು, ಪೆಟ್ಟಿಗೆ, ಆಲ್ಬಮ್ಮುಗಳನ್ನೆಲ್ಲ ತಡಕಾಡಿದ ಮೇಲೆ, ಯಾವುದೋ ಮದುವೆಯ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದ ಅವರ ಮುಖವನ್ನು ಕತ್ತರಿಸಿ, ದೊಡ್ಡದು ಮಾಡಿಸಿ, ಮಸುಕಾದ ಆ ಚಿತ್ರಕ್ಕೆ ಕಟ್ಟು ಹಾಕಿಸಲಾಗುತ್ತದೆ. ಪಕ್ಕದಲ್ಲಿ ನಿಂತವರ ಭುಜದ ತುಣುಕೊಂದು ಅಂಚಿನಲ್ಲಿ ಉಳಿದೇ ಇರುತ್ತದೆ.

ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮೆರಾ ಇದೆ. ಮೊಬೈಲ್ ಫೋನಿನಲ್ಲಿ ಸಾವಿರಾರು ಚಿತ್ರಗಳಿರುತ್ತವೆ. ಆದರೆ ಮನೆಯವರೆಲ್ಲರೂ ಒಟ್ಟಿಗೆ, ಎಲ್ಲರ ಮುಖವೂ ಸ್ಪಷ್ಟವಾಗಿ ಕಾಣುವಂತೆ ಇರುವ ಚಿತ್ರ ಒಂದಾದರೂ ಇದೆಯೇ ಎಂದು ಹುಡುಕಿದರೆ ಬಹುತೇಕ ಮನೆಗಳಲ್ಲಿ ನಿರಾಶೆಯೇ ಕಾದಿರುತ್ತದೆ. ಕೇಂದ್ರ ಸರ್ಕಾರದ ನೌಕರರು ನಿವೃತ್ತರಾಗುವಾಗ ಪಿಂಚಣಿಯ ಕಾಗದಪತ್ರಗಳೊಂದಿಗೆ ಪತಿಪತ್ನಿಯರ ಜಂಟಿ ಭಾವಚಿತ್ರವನ್ನು ಸಲ್ಲಿಸಬೇಕಾಗುತ್ತದೆ. ಎಷ್ಟೋ ದಂಪತಿಗಳ ಪಾಲಿಗೆ, ಮದುವೆಯ ಫೋಟೋ ಆದ ಮೇಲೆ ಇಬ್ಬರೂ ಕೂಡಿ ಕುಳಿತು ತೆಗೆಸಿಕೊಂಡ ಚಿತ್ರ ಅದೊಂದೇ!

ಉದ್ಯೋಗನಿಮಿತ್ತ ದೆಹಲಿಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಕೊರತೆ ಇನ್ನಷ್ಟು ಹೆಚ್ಚು. ಮೂಲ ಮನೆ ದೂರ; ಅಣ್ಣತಮ್ಮಂದಿರು ಒಂದೊಂದು ಊರಿನಲ್ಲಿ; ವರ್ಗಾವಣೆ ಯಾವಾಗ ಬಂದೀತೋ ತಿಳಿಯದು. ಊರಿನಿಂದ ತಂದೆತಾಯಿಗಳು ಬಂದು ಎರಡು ತಿಂಗಳು ಇದ್ದು ಹೋಗುತ್ತಾರೆ. ಎಲ್ಲರೂ ಒಂದೇ ಊರಿನಲ್ಲಿ, ಒಂದೇ ಸೂರಿನಡಿ ಇರುವ ಭಾನುವಾರಗಳು ವರ್ಷದಲ್ಲಿ ಬೆರಳೆಣಿಕೆಯಷ್ಟು. ಅಂಥ ಒಂದು ಭಾನುವಾರದ ಅರ್ಧ ಗಂಟೆಯನ್ನು ಉದ್ದೇಶಪೂರ್ವಕವಾಗಿ ಮೀಸಲಿಟ್ಟರೆ ಒಳ್ಳೆಯ ಕುಟುಂಬಚಿತ್ರವೊಂದು ದೊರೆಯುತ್ತದೆ. ಅದಕ್ಕೆ ಬೇಕಾದದ್ದು ದುಬಾರಿ ಕ್ಯಾಮೆರಾ ಅಲ್ಲ. ಬೆಳಕು, ಋತುಮಾನ ಮತ್ತು ಹಿರಿಯರ ದೇಹಸ್ಥಿತಿ ಇವುಗಳ ತಿಳಿವಳಿಕೆ.

ಬಯಲೇ ಏಕೆ?

ಡಾಗೇರ್ ಎಂಬ ಫ್ರೆಂಚ್ ಕಲಾವಿದನ ವಿಧಾನದ ಮೂಲಕ ಛಾಯಾಗ್ರಹಣ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಆರಂಭದ ಫಲಕಗಳು ಬೆಳಕಿಗೆ ಬಹು ನಿಧಾನವಾಗಿ ಸ್ಪಂದಿಸುತ್ತಿದ್ದುದರಿಂದ ಚಿತ್ರ ಮೂಡುವವರೆಗೆ ಅಲುಗದೆ ಕುಳಿತಿರಬೇಕಾಗಿತ್ತು. ಹಳೆಯ ಚಿತ್ರಗಳ ಬಿಗಿದ ಮುಖಗಳಿಗೆ ಅದೂ ಒಂದು ಕಾರಣ. ಮುಂದೆ ಫಲಕಗಳು ಚುರುಕಾದವು. ಆದರೂ ವಿದ್ಯುತ್ತಿಲ್ಲದ ಊರುಗಳಲ್ಲಿ ಸೂರ್ಯನೇ ದೀಪವಾಗಿದ್ದ. ಆದ್ದರಿಂದಲೇ ಕರ್ನಾಟಕದ ಹಳ್ಳಿಪಟ್ಟಣಗಳಲ್ಲಿ ಕುಟುಂಬದ ಚಿತ್ರವನ್ನು ಮನೆಯ ಅಂಗಳದಲ್ಲಿ ತೆಗೆಯುವುದು ವಾಡಿಕೆಯಾಯಿತು. ಜಮಖಾನ ಹಾಸಿ, ಕುರ್ಚಿಗಳನ್ನು ತಂದಿರಿಸಿ, ಹಿರಿಯರನ್ನು ನಡುವೆ ಕುಳ್ಳಿರಿಸಿ, ಮಕ್ಕಳನ್ನು ಮುಂದೆ ಚಕ್ಕಳಮಕ್ಕಳ ಹಾಕಿಸಿದ ಮೇಲೆ, ಛಾಯಾಗ್ರಾಹಕ ಕಪ್ಪು ಬಟ್ಟೆಯೊಳಗೆ ತಲೆ ಹುದುಗಿಸುತ್ತಿದ್ದ.

ಅನಂತರ ರೋಲ್ ಫಿಲ್ಮಿನ ಕಾಲ ಬಂದಿತು. ಮಧ್ಯಮ ವರ್ಗದ ಮನೆಗಳಲ್ಲಿ ಜನಪ್ರಿಯವಾಗಿದ್ದ ಅಗ್ಫಾ ಕ್ಲಿಕ್-3 ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಚಿತ್ರಗಳು ಮಾತ್ರ. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆಯ ‘ಇಂದು’ ಫಿಲ್ಮನ್ನು ಬಳಸಿದವರು ಅನೇಕರು. ಹನ್ನೆರಡೇ ಅವಕಾಶಗಳಿದ್ದಾಗ ಪ್ರತಿಯೊಂದಕ್ಕೂ ಯೋಚನೆ ಇರುತ್ತಿತ್ತು. ಇಂದು ಅವಕಾಶಗಳಿಗೆ ಮಿತಿಯಿಲ್ಲ. ಆ ಯೋಚನೆ ಮಾತ್ರ ಮರೆಯಾಗಿದೆ.

ದೆಹಲಿಯಲ್ಲಿ ಬಯಲನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಉಂಟು. ಹನ್ನೆರಡು ಜನರನ್ನು ಆರಾರು ಮಂದಿಯ ಎರಡು ಸಾಲುಗಳಲ್ಲಿ ನಿಲ್ಲಿಸಿದರೆ, ಒಬ್ಬೊಬ್ಬರಿಗೆ ಒಂದೂವರೆ ಅಡಿಯಂತೆ ಒಂದು ಸಾಲು 9 ಅಡಿಯಾಗುತ್ತದೆ. ಎರಡೂ ಬದಿಗೆ ಸ್ವಲ್ಪ ಎಡೆ ಬಿಟ್ಟರೆ 12 ಅಡಿ. ಮೊಬೈಲಿನ ಸಾಮಾನ್ಯ ಮಸೂರ ವಿಶಾಲಕೋನದ್ದು. ಅದರಿಂದ ಸುಮಾರು 9 ಅಡಿ ದೂರದಲ್ಲಿಯೇ ಇಷ್ಟು ಜನರನ್ನು ಹಿಡಿಯಬಹುದು. ಆದರೆ ಅಷ್ಟು ಹತ್ತಿರದಿಂದ ತೆಗೆದಾಗ ಅಂಚಿನಲ್ಲಿ ನಿಂತವರ ಮುಖ, ತೋಳುಗಳು ಹಿಗ್ಗಿದಂತೆ ಕಾಣುತ್ತವೆ. ಮುಂದಿನ ಸಾಲಿನವರು ದೊಡ್ಡದಾಗಿ, ಹಿಂದಿನವರು ಚಿಕ್ಕದಾಗಿ ಬೀಳುತ್ತಾರೆ. ಫೋನಿನ ‘2 ಎಕ್ಸ್’ ಎಂಬಲ್ಲಿಗೆ ಹೊಂದಿಸಿಕೊಂಡು 18 ಅಡಿ ಹಿಂದೆ ಸರಿದರೆ ಈ ವಿಕಾರ ಇಲ್ಲವಾಗುತ್ತದೆ. ಸರೋಜಿನಿ ನಗರದ ಹಳೆಯ ಕ್ವಾರ್ಟರ್ಸಿನ ಕೋಣೆಯಾಗಲಿ, ನೋಯ್ಡಾದ ಫ್ಲಾಟಿನ ಹಜಾರವಾಗಲಿ 18 ಅಡಿ ಹಿಂದೆ ಸರಿಯಲು ಎಡೆಗೊಡಲಾರವು.

ಸೂರ್ಯನ ಎತ್ತರ

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೆ ದೆಹಲಿ 28 ಡಿಗ್ರಿಯನ್ನು ದಾಟಿದೆ. ಈ ವ್ಯತ್ಯಾಸದ ಪರಿಣಾಮ ಚಳಿಗಾಲದಲ್ಲಿ ಚೆನ್ನಾಗಿ ಅರಿವಿಗೆ ಬರುತ್ತದೆ. ಡಿಸೆಂಬರ್ 21ರ ಸುಮಾರಿಗೆ ನಡುಹಗಲಿನಲ್ಲಿ ಸೂರ್ಯನು ಬೆಂಗಳೂರಿನ ಆಕಾಶದಲ್ಲಿ ಕ್ಷಿತಿಜದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ದೆಹಲಿಯಲ್ಲಿ 38 ಡಿಗ್ರಿ ಮಾತ್ರ. ಆಗ ಐದಡಿ ಎತ್ತರದ ವ್ಯಕ್ತಿಯ ನೆರಳು ದೆಹಲಿಯ ನಡುಹಗಲಿನಲ್ಲಿಯೂ ಆರು ಅಡಿಗಿಂತ ಉದ್ದ. ಜೂನ್ 21ರ ಸುಮಾರಿಗಾದರೋ ದೆಹಲಿಯ ಸೂರ್ಯ 85 ಡಿಗ್ರಿಯವರೆಗೆ ಏರಿ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಅದೇ ವ್ಯಕ್ತಿಯ ನೆರಳು ಆರು ಅಂಗುಲವನ್ನೂ ಮುಟ್ಟದು.

ನೆತ್ತಿಯ ಬಿಸಿಲು ಮುಖಕ್ಕೆ ಶತ್ರು. ಹುಬ್ಬಿನ ನೆರಳು ಕಣ್ಣಿನ ಮೇಲೆಯೂ, ಮೂಗಿನ ನೆರಳು ತುಟಿಯ ಮೇಲೆಯೂ ಬಿದ್ದು, ಕಣ್ಣುಗಳು ಕಪ್ಪು ಗುಳಿಗಳಂತೆ ಕಾಣುತ್ತವೆ. ಸೂರ್ಯ ತಗ್ಗಿನಲ್ಲಿದ್ದಾಗ ಬೆಳಕು ಮುಖಕ್ಕೆ ಎದುರಿನಿಂದಲೋ ಓರೆಯಾಗಿಯೋ ಬಂದು ಮೃದುವಾಗಿ ಹರಡುತ್ತದೆ. ಈ ದೃಷ್ಟಿಯಿಂದ ದೆಹಲಿಯ ಚಳಿಗಾಲ ಛಾಯಾಗ್ರಾಹಕನಿಗೆ ಒಂದು ವರವೇ ಸರಿ. 1970ರ ದಶಕದಲ್ಲಿ ಕರ್ನಾಟಕದ ಅರ್ಥ ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರು ವನ್ಯಜೀವಿ ಛಾಯಾಗ್ರಾಹಕರಾಗಿಯೂ ಹೆಸರಾದವರು. 1983ರಲ್ಲಿ ಪ್ರಕಟವಾದ ತಮ್ಮ ಪುಸ್ತಕಕ್ಕೆ ಅವರಿಟ್ಟ ಹೆಸರು ‘ಸನ್‌ಲೈಟ್ ಅಂಡ್ ಶ್ಯಾಡೋಸ್’. ಅಂದರೆ ಬಿಸಿಲು ಮತ್ತು ನೆರಳು. ಛಾಯಾಗ್ರಹಣದ ಸಾರವೆಲ್ಲ ಆ ಎರಡು ಮಾತುಗಳಲ್ಲಿ ಅಡಗಿದೆಯೆನ್ನಬಹುದು.

ಕುಟುಂಬದವರನ್ನು ಸೂರ್ಯನಿಗೆ ನೇರ ಎದುರಾಗಿ ನಿಲ್ಲಿಸಿದರೆ ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಿರಿಯರ ಕಣ್ಣಿಗಂತೂ ಅದು ಹಿಂಸೆ. ಸೂರ್ಯ ಅವರ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ದಟ್ಟವಾದ ಮರದ ನೆರಳಿನ ಅಂಚಿನಲ್ಲಿ, ತೆರೆದ ಆಕಾಶದ ಕಡೆಗೆ ಮುಖಮಾಡಿ ನಿಲ್ಲಿಸುವುದು ಎಲ್ಲಕ್ಕಿಂತ ಸುರಕ್ಷಿತವಾದ ಕ್ರಮ. ಎಲೆಗಳ ಸಂದಿನಿಂದ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಬೀಳದಂತೆ ನೋಡಿಕೊಂಡರಾಯಿತು.

ಮಂಜು, ಹೊಗೆ ಮತ್ತು ಶ್ವಾಸಕೋಶ

ಇಲ್ಲಿ ಒಂದು ವಿಚಿತ್ರ ಸಂಗತಿಯನ್ನು ಗಮನಿಸಬೇಕು. ನವೆಂಬರಿನಿಂದ ಜನವರಿಯವರೆಗೆ ದೆಹಲಿಯ ಮೇಲೆ ಕವಿಯುವ ಮಬ್ಬು, ಬಿಸಿಲನ್ನು ಸೋಸಿ ಬಿಳಿಯ ಕೊಡೆಯಂತೆ ಮೃದುಗೊಳಿಸುತ್ತದೆ. ಚಿತ್ರಕ್ಕೆ ಅದು ಚೆನ್ನ. ಆದರೆ ಆ ಮಬ್ಬಿನಲ್ಲಿ ನೀರಿನ ಹನಿಗಳೊಂದಿಗೆ ವಾಹನಗಳ ಹೊಗೆ, ಧೂಳು, ಸುಟ್ಟ ಕೂಳೆಯ ಬೂದಿ ಎಲ್ಲವೂ ಬೆರೆತಿರುತ್ತವೆ. ಚಳಿಗಾಲದಲ್ಲಿ ನೆಲದ ಬಳಿಯ ತಂಪು ಗಾಳಿಯ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಮುಚ್ಚಳದಂತೆ ಕುಳಿತುಬಿಡುವುದರಿಂದ ಈ ಕಲ್ಮಷ ಮೇಲೇರದೆ ಕೆಳಗೇ ನಿಲ್ಲುತ್ತದೆ. 2.5 ಮೈಕ್ರಾನಿಗಿಂತ ಕಿರಿದಾದ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು.

ಭಾರತದಲ್ಲಿ 2015ರಿಂದ ಜಾರಿಯಲ್ಲಿರುವ ವಾಯುಗುಣ ಸೂಚ್ಯಂಕ, ಅಂದರೆ ಎ.ಕ್ಯೂ.ಐ., ಈ ವಿಷಯದಲ್ಲಿ ಒಳ್ಳೆಯ ಮಾರ್ಗದರ್ಶಿ. 50ರವರೆಗೆ ಉತ್ತಮ, 51ರಿಂದ 100 ತೃಪ್ತಿಕರ, 101ರಿಂದ 200 ಮಧ್ಯಮ, 201ರಿಂದ 300 ಕಳಪೆ, 301ರಿಂದ 400 ಅತಿ ಕಳಪೆ, 401ರಿಂದ ಮೇಲೆ ತೀವ್ರ. ಮಧ್ಯಮ ಎಂಬ ವರ್ಗದಲ್ಲಿಯೇ ಆಸ್ತಮಾ, ಶ್ವಾಸಕೋಶ ಮತ್ತು ಹೃದಯದ ತೊಂದರೆಯುಳ್ಳವರಿಗೆ ಉಸಿರಾಟ ಕಷ್ಟವಾಗಬಹುದು. ಕಳಪೆ ಎಂಬ ವರ್ಗವನ್ನು ಮುಟ್ಟಿದರೆ ಹೆಚ್ಚು ಹೊತ್ತು ಹೊರಗಿರುವ ಆರೋಗ್ಯವಂತರಿಗೂ ತೊಂದರೆ ತಪ್ಪದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪಿನಲ್ಲಿ ಆಯಾ ಬಡಾವಣೆಯ ಸಮೀಪದ ಅಂಕಿಯನ್ನು ನೋಡಿಕೊಂಡು ಹೊರಡುವುದು ಜಾಣತನ. ಅಂಕಿ 200ನ್ನು ದಾಟಿದ ದಿನ, ವೃದ್ಧರನ್ನೂ ಶಿಶುಗಳನ್ನೂ ಚಿತ್ರದ ಸಲುವಾಗಿ ಹೊರಗೆ ಕರೆದೊಯ್ಯದಿರುವುದೇ ಲೇಸು. ಚಿತ್ರ ಮುಂದಿನ ವಾರಕ್ಕೆ ಹೋದರೆ ನಷ್ಟವಿಲ್ಲ.

ಬೆಳಕು ಮತ್ತು ಗಾಳಿ ಎರಡೂ ಸಾಮಾನ್ಯವಾಗಿ ಕೂಡಿಬರುವ ಅವಧಿಗಳು ದೆಹಲಿಯಲ್ಲಿ ಎರಡು. ಮೊದಲನೆಯದು ಮಳೆಗಾಲ ಮುಗಿದು ದೀಪಾವಳಿಯ ಹೊಗೆ ಆರಂಭವಾಗುವ ಮುನ್ನ, ಅಂದರೆ ದಸರೆಯ ಆಸುಪಾಸು. ಎರಡನೆಯದು ಫೆಬ್ರುವರಿಯ ನಡುವಿನಿಂದ ಮಾರ್ಚಿಯ ನಡುವಿನವರೆಗೆ. ಆಗ ಮಂಜು ಕರಗಿರುತ್ತದೆ. ಉದ್ಯಾನಗಳಲ್ಲಿ ಹೂವು ತುಂಬಿರುತ್ತದೆ. ಬಿಸಿಲು ಇನ್ನೂ ಏರಿರುವುದಿಲ್ಲ. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ ಅಥವಾ ಸಂಜೆ ನಾಲ್ಕೂವರೆಯಿಂದ ಐದೂಮುಕ್ಕಾಲು ಗಂಟೆಯ ಸಮಯ ಅನುಕೂಲ. ಡಿಸೆಂಬರ್, ಜನವರಿಗಳಲ್ಲಿಯೇ ತೆಗೆಯಬೇಕಾದರೆ ಬೆಳಗಿನ ಹೊತ್ತನ್ನು ಬಿಟ್ಟು ಮಧ್ಯಾಹ್ನ ಮೂರರ ಬಳಿಕ ಹೊರಡಬೇಕು. ಸೂರ್ಯಾಸ್ತ ಐದೂವರೆಗೇ ಆಗುವುದರಿಂದ ತಡಮಾಡುವಂತಿಲ್ಲ. ತಣ್ಣನೆಯ ಗಾಳಿ ಶ್ವಾಸನಾಳಗಳನ್ನು ಸಂಕುಚಿತಗೊಳಿಸುತ್ತದೆ, ರಕ್ತದೊತ್ತಡವನ್ನು ಏರಿಸುತ್ತದೆ. ಚಿತ್ರ ಚೆಂದ ಬರಲೆಂದು ಹಿರಿಯರ ಶಾಲು, ಮಫ್ಲರುಗಳನ್ನು ತೆಗೆಸುವುದು ಸಲ್ಲದು. ದೆಹಲಿಯ ಚಿತ್ರದಲ್ಲಿ ಅಜ್ಜನ ಮಫ್ಲರು ಇದ್ದರೆ ಅದೂ ಸತ್ಯವೇ. ಮೇ, ಜೂನ್ ತಿಂಗಳುಗಳಲ್ಲಂತೂ ಉಷ್ಣತೆ 40 ಡಿಗ್ರಿಯನ್ನು ಮೀರುವುದರಿಂದ ಈ ಯೋಚನೆಯನ್ನೇ ಕೈಬಿಡಬೇಕು.

ಸ್ಥಳದ ಆಯ್ಕೆ

ದೆಹಲಿಯ ಕನ್ನಡಿಗರಿಗೆ ಲೋದಿ ಉದ್ಯಾನ ಹಳೆಯ ಪರಿಚಯದ ತಾಣ. ಲೋದಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಗೆ ಅದು ಬಹಳ ಸಮೀಪ, ಪ್ರವೇಶಕ್ಕೆ ಶುಲ್ಕವಿಲ್ಲ. 1936ರಲ್ಲಿ ಲೇಡಿ ವಿಲಿಂಗ್ಡನ್ ಪಾರ್ಕ್ ಎಂಬ ಹೆಸರಿನಿಂದ ತೆರೆದ ಈ ಉದ್ಯಾನ ಸ್ವಾತಂತ್ರ್ಯಾನಂತರ ಇಂದಿನ ಹೆಸರನ್ನು ಪಡೆಯಿತು. ಅದಕ್ಕೆ 1968ರಲ್ಲಿ ಹೊಸ ರೂಪ ಕೊಟ್ಟವರಲ್ಲಿ ವಾಸ್ತುಶಿಲ್ಪಿ ಜೋಸೆಫ್ ಸ್ಟೈನ್ ಪ್ರಮುಖರು. ಹದಿನೈದನೆಯ ಶತಮಾನದ ಬಡಾ ಗುಂಬದ್, ಶೀಶ್ ಗುಂಬದ್‌ಗಳು ಹಿನ್ನೆಲೆಗೆ ಭವ್ಯವಾಗಿ ಒದಗುತ್ತವೆ.

ಆದರೆ ಸ್ಮಾರಕದ ಬುಡದಲ್ಲಿಯೇ ಮನೆಮಂದಿಯನ್ನು ನಿಲ್ಲಿಸಿ, ಗುಮ್ಮಟದ ತುದಿಯವರೆಗೂ ಕಾಣಬೇಕೆಂದು ದೂರ ಸರಿಯುತ್ತ ಹೋದರೆ, ಚಿತ್ರದಲ್ಲಿ ಮನುಷ್ಯರು ಇರುವೆಗಳಾಗುತ್ತಾರೆ. ಗುಮ್ಮಟ ನೂರಾರು ಅಡಿ ಹಿಂದೆ ಇರಲಿ. ಕುಟುಂಬ ಕ್ಯಾಮೆರಾದ ಹತ್ತಿರ ಇರಲಿ. ಆಗ ಎರಡೂ ತಕ್ಕ ಗಾತ್ರದಲ್ಲಿ ಮೂಡುತ್ತವೆ. ಗೋರಿಯ ಮುಂದೆ ನಿಂತು ಮನೆಮಂದಿಯ ಚಿತ್ರವೇ ಎಂದು ಹಿರಿಯರು ಹಿಂಜರಿದರೆ ಅವರನ್ನು ಒತ್ತಾಯಿಸಬೇಕಾಗಿಲ್ಲ. ಹುಲ್ಲುಹಾಸು, ಮರಗಳ ಸಾಲು ಬೇಕಾದಷ್ಟಿವೆ. ಹುಮಾಯೂನನ ಸಮಾಧಿಗೆ ಹೊಂದಿಕೊಂಡಿರುವ, 2018ರಲ್ಲಿ ಸಾರ್ವಜನಿಕರಿಗೆ ತೆರೆದ ಸುಂದರ್ ನರ್ಸರಿ ಟಿಕೆಟ್ಟಿನ ಸ್ಥಳವಾದರೂ ಅಚ್ಚುಕಟ್ಟಾಗಿದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಪಡೆಯಬೇಕೆಂಬುದು ನೆನಪಿರಲಿ. ದೂರ ಹೋಗಲಾಗದವರಿಗೆ ಬಡಾವಣೆಯ ಪಾರ್ಕೇ ಸಾಕು. ಹಿನ್ನೆಲೆಯಲ್ಲಿ ವಿದ್ಯುತ್ ಕಂಬ ಯಾರ ತಲೆಯ ಮೇಲಿನಿಂದಲೂ ಎದ್ದಂತೆ ಕಾಣದಿದ್ದರಾಯಿತು.

ಸ್ಥಳವನ್ನು ಆರಿಸುವಾಗ ಬೆಳಕಿನಷ್ಟೇ ಮುಖ್ಯವಾದ ಪ್ರಶ್ನೆಗಳು ಮೂರು: ವಾಹನ ನಿಲ್ಲುವ ಜಾಗದಿಂದ ಎಷ್ಟು ನಡೆಯಬೇಕು? ಶೌಚಾಲಯ ಹತ್ತಿರವಿದೆಯೇ? ಕುಳಿತುಕೊಳ್ಳಲು ಬೆಂಚು ಇದೆಯೇ? ಮಧುಮೇಹವಿರುವವರ ಊಟದ ವೇಳೆ ತಪ್ಪದಂತೆ ಹೊರಡುವ ಹೊತ್ತನ್ನು ನಿಶ್ಚಯಿಸಬೇಕು. ಕುಡಿಯುವ ನೀರು, ಉಸಿರೆಳೆದುಕೊಳ್ಳುವ ಇನ್‌ಹೇಲರ್ ಮುಂತಾದ ನಿತ್ಯದ ಔಷಧಿ ಚೀಲದಲ್ಲಿರಬೇಕು.

ಕುಳ್ಳಿರಿಸುವ ಕ್ರಮ

ಮೊದಲು ಮಕ್ಕಳು, ಯುವಕರು ಹಾಗೂ ಕ್ಯಾಮೆರಾ ಸಿದ್ಧವಾಗಬೇಕು. ಹಿರಿಯರನ್ನು ಕಟ್ಟಕಡೆಗೆ ಕರೆದು ಕುಳ್ಳಿರಿಸಬೇಕು. ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ ನಡೆಯುತ್ತದೆ. ಹಿರಿಯರು ಕುರ್ಚಿಯ ಮೇಲೆ ಇಪ್ಪತ್ತು ನಿಮಿಷ ಕಾಯುತ್ತಾರೆ. ಚಿತ್ರ ತೆಗೆಯುವ ಹೊತ್ತಿಗೆ ಅವರ ಮುಖದಲ್ಲಿ ದಣಿವು ಮಾತ್ರ ಉಳಿದಿರುತ್ತದೆ. ಮಂಡಿನೋವಿನವರಿಗೆ ಕೈಗಳುಳ್ಳ ಕುರ್ಚಿ ಬೇಕು. ಮಡಚುವ ಎರಡು ಕುರ್ಚಿಗಳನ್ನು ಮನೆಯಿಂದಲೇ ಒಯ್ಯುವುದು ಉತ್ತಮ. ರಕ್ತದೊತ್ತಡದ ಮಾತ್ರೆ ಸೇವಿಸುವವರು ಥಟ್ಟನೆ ಎದ್ದರೆ ತಲೆ ಸುತ್ತಬಹುದು. ಚಿತ್ರ ಮುಗಿದ ಕೂಡಲೇ ಎಲ್ಲರೂ ಚದುರಿಹೋಗದೆ ಒಬ್ಬರು ಅವರ ಕೈ ಹಿಡಿದು ಎಬ್ಬಿಸಬೇಕು.

ಹಿರಿಯರು ನಡುವೆ, ಮಕ್ಕಳು ಮುಂದೆ, ಎತ್ತರದವರು ಹಿಂದೆ ಎಂಬ ಹಳೆಯ ಕ್ರಮವನ್ನು ಮೀರಿಸುವ ಕ್ರಮ ಇನ್ನೂ ಹುಟ್ಟಿಲ್ಲ. ಸಾಲುಗಳ ನಡುವೆ ಹೆಚ್ಚು ಅಂತರ ಬೇಡ. ಹಿಂದಿನವರು ಕುರ್ಚಿಗೆ ತಾಗಿದಂತೆ ನಿಲ್ಲಲಿ. ಹಿಂದೆ ನಿಂತವರ ಮುಖ ಮುಂದಿನ ಇಬ್ಬರ ತಲೆಗಳ ನಡುವಿನ ಎಡೆಯಲ್ಲಿ ಬರಬೇಕು. ಅಚ್ಚ ಬಿಳಿಯ ಪಂಚೆ, ಅಂಗಿಗಳು ಬಿಸಿಲಿನಲ್ಲಿ ಕಣ್ಣು ಕುಕ್ಕಿ, ಕ್ಯಾಮೆರಾ ಬೆಳಕನ್ನು ತಗ್ಗಿಸಿಕೊಂಡು, ಮುಖಗಳು ಕಪ್ಪಾಗುವುದುಂಟು. ಫೋನಿನ ಪರದೆಯ ಮೇಲೆ ನಡುವಿನವರ ಮುಖವನ್ನು ಬೆರಳಿನಿಂದ ಮುಟ್ಟಿದರೆ ಮುಖಕ್ಕೆ ತಕ್ಕ ಬೆಳಕು ಹೊಂದಿಕೊಳ್ಳುತ್ತದೆ. ಕನ್ನಡಕದ ಗಾಜು ಹೊಳೆಯುತ್ತಿದ್ದರೆ ತಲೆಯನ್ನು ತುಸು ತಗ್ಗಿಸಲು ಹೇಳಿದರೆ ಸಾಕು.

ಕ್ಯಾಮೆರಾ ಮತ್ತು ಕಣ್ಣೆವೆ

ಕ್ಯಾಮೆರಾ ಕುಳಿತವರ ಮತ್ತು ನಿಂತವರ ಮುಖಗಳ ನಡುವಿನ ಎತ್ತರದಲ್ಲಿರಬೇಕು. ಅಂದರೆ ತೆಗೆಯುವವರ ಎದೆಯ ಮಟ್ಟ. ಹಿನ್ನೆಲೆಯನ್ನು ಮಸುಕಾಗಿಸುವ ‘ಪೋರ್ಟ್ರೇಟ್’ ಸೌಲಭ್ಯವನ್ನು ಫೋನಿನಲ್ಲಿ ನಿಲ್ಲಿಸಿಬಿಡಬೇಕು. ಇಲ್ಲದಿದ್ದರೆ ಹಿಂದಿನ ಸಾಲಿನ ಅಳಿಯ, ಸೊಸೆಯರೂ ಹಿನ್ನೆಲೆಯೊಂದಿಗೆ ಮಸುಕಾಗಿಬಿಟ್ಟಾರು! ದೊಡ್ಡ ಕ್ಯಾಮೆರಾ ಉಳ್ಳವರು ಎಫ್-8ರ ಆಸುಪಾಸಿನ ರಂಧ್ರವನ್ನಿಟ್ಟುಕೊಂಡು ಮುಂದಿನ ಸಾಲಿನ ಮುಖಕ್ಕೆ ಫೋಕಸ್ ಮಾಡಿದರೆ ಎರಡೂ ಸಾಲುಗಳು ಸ್ಪಷ್ಟವಾಗುತ್ತವೆ.

ಜನ ಹೆಚ್ಚಾದಷ್ಟೂ ಯಾರಾದರೊಬ್ಬರು ಕಣ್ಣು ಮುಚ್ಚಿರುವ ಸಂಭವ ಹೆಚ್ಚು. ಎಷ್ಟು ಸಲ ಗುಂಡಿ ಒತ್ತಿದರೆ ಎಲ್ಲರ ಕಣ್ಣೂ ತೆರೆದಿರುವ ಚಿತ್ರ ಬಹುಮಟ್ಟಿಗೆ ಖಚಿತವಾಗಿ ದೊರೆತೀತು ಎಂಬುದನ್ನು ಆಸ್ಟ್ರೇಲಿಯಾದ ಸಂಶೋಧನ ಸಂಸ್ಥೆಯ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಎಂಬಿಬ್ಬರು ಲೆಕ್ಕ ಹಾಕಿದರು. ನಗಿಸಿ ಚಿಂತನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ‘ಇಗ್ ನೊಬೆಲ್’ ಬಹುಮಾನ 2006ರಲ್ಲಿ ಗಣಿತ ವಿಭಾಗದಲ್ಲಿ ಅವರಿಗೆ ಸಂದಿತು. ಅವರ ಸೂತ್ರ ಸರಳ: ಗುಂಪು ಇಪ್ಪತ್ತಕ್ಕಿಂತ ಕಡಿಮೆಯಿದ್ದಾಗ, ಒಳ್ಳೆಯ ಬೆಳಕಿನಲ್ಲಿ ಜನರ ಸಂಖ್ಯೆಯನ್ನು ಮೂರರಿಂದಲೂ, ಮಂದ ಬೆಳಕಿನಲ್ಲಿ ಎರಡರಿಂದಲೂ ಭಾಗಿಸಬೇಕು. ಹನ್ನೆರಡು ಜನರಿದ್ದರೆ ಬೆಳಗಿನ ಬೆಳಕಿನಲ್ಲಿ ನಾಲ್ಕು, ಮುಸ್ಸಂಜೆಯಲ್ಲಿ ಆರು ಚಿತ್ರಗಳು ಸಾಕು. ಮೂವತ್ತು ಚಿತ್ರ ತೆಗೆದು ಅಜ್ಜಿಯನ್ನು ದಣಿಸುವ ಅಗತ್ಯವಿಲ್ಲ.

ಮನೆಯ ಛಾಯಾಗ್ರಾಹಕರು ಮನೆಯ ಚಿತ್ರಗಳಲ್ಲಿ ಕಾಣಿಸಿಕೊಳ್ಳುವುದೇ ಇಲ್ಲವೆಂಬುದು ಇನ್ನೊಂದು ದೊಡ್ಡ ಲೋಪ. ಇಪ್ಪತ್ತು ವರ್ಷಗಳ ಆಲ್ಬಮ್ಮಿನಲ್ಲಿ ತಂದೆಯೋ ಹಿರಿಯ ಮಗಳೋ ಇಲ್ಲದಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಬಹುದು. ಹತ್ತು ಸೆಕೆಂಡಿನ ಟೈಮರ್ ಇರುವುದೇ ಅದಕ್ಕಾಗಿ. ಅದೂ ಬೇಡವೆಂದರೆ ಪಾರ್ಕಿನಲ್ಲಿ ಅಡ್ಡಾಡುವವರನ್ನು ಕೇಳಿಕೊಂಡರೆ ಇಲ್ಲವೆನ್ನುವವರು ಕಡಿಮೆ.

ಕಾಪಿಡುವ ಬಗೆ

ತೆಗೆದ ಚಿತ್ರ ಫೋನಿನಲ್ಲಿಯೇ ಉಳಿದರೆ, ಫೋನು ಕೆಟ್ಟ ದಿನ ಅದೂ ಹೋಗುತ್ತದೆ. ಮೂಲ ಕಡತದ ಮೂರು ಪ್ರತಿಗಳಿರಲಿ; ಅವು ಎರಡು ಬೇರೆ ಬೇರೆ ಸಾಧನಗಳಲ್ಲಿರಲಿ; ಒಂದು ಪ್ರತಿ ಊರಿನ ಮನೆಯಂಥ ಬೇರೆ ಸ್ಥಳದಲ್ಲಿರಲಿ. ವಾಟ್ಸ್ಆ್ಯಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದಾಗ ಅದರ ಗಾತ್ರ ಕುಗ್ಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮೂಲ ಹಾಗೆಯೇ ಉಳಿಯುತ್ತದೆ. 8 ಅಂಗುಲ ಅಗಲ, 12 ಅಂಗುಲ ಉದ್ದದ ಸ್ಪಷ್ಟವಾದ ಮುದ್ರಣಕ್ಕೆ ಅಂಗುಲಕ್ಕೆ 300 ಬಿಂದುಗಳಂತೆ ಸುಮಾರು 86 ಲಕ್ಷ ಬಿಂದುಗಳು ಬೇಕು. ಇಂದಿನ ಸಾಧಾರಣ ಫೋನಿನಲ್ಲಿಯೂ ಇದಕ್ಕಿಂತ ಹೆಚ್ಚೇ ಇರುತ್ತದೆ. ಮುದ್ರಿಸಿದ ಚಿತ್ರವನ್ನು ನೇರ ಬಿಸಿಲು ಬೀಳದ ಗೋಡೆಗೆ ತೂಗುಹಾಕಬೇಕು. ಬೇಸಗೆಯಲ್ಲಿ ಕೂಲರಿನ ತೇವದ ಗಾಳಿ ನೇರವಾಗಿ ತಾಗುವಂತಿರಬಾರದು. ಅಂಟು ಹಾಳೆಯ ಆಲ್ಬಮ್ಮುಗಳು ಕಾಲಕ್ರಮದಲ್ಲಿ ಚಿತ್ರವನ್ನೇ ಹಾಳುಮಾಡುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹೆಸರು. ದೆಹಲಿ ಕರ್ನಾಟಕ ಸಂಘ ಸ್ಥಾಪನೆಯಾದದ್ದು 1948ರಲ್ಲಿ. ಅದು 2023ರಲ್ಲಿ ಅಮೃತ ಮಹೋತ್ಸವವನ್ನು ಆಚರಿಸಿತು. ಅಂದರೆ ಈ ನಗರದಲ್ಲಿ ಕನ್ನಡಿಗರ ಮೂರು ನಾಲ್ಕು ತಲೆಮಾರುಗಳು ಬಾಳಿವೆ. ಆ ಮನೆಗಳ ಹಳೆಯ ಚಿತ್ರಗಳಲ್ಲಿ, ಯಾರೆಂದು ಈಗ ಯಾರೂ ಹೇಳಲಾರದ ಮುಖಗಳು ಎಷ್ಟೋ ಇವೆ. ಅವರ ಗುರುತು ಬಲ್ಲ ಕೊನೆಯ ವ್ಯಕ್ತಿ ಹೋದ ಮೇಲೆ ಚಿತ್ರ ಇದ್ದೂ ಇಲ್ಲದಂತೆ. ಮುದ್ರಿತ ಚಿತ್ರದ ಹಿಂಬದಿಯಲ್ಲಿ, ಮೆದು ಪೆನ್ಸಿಲಿನಿಂದ, ಅಂಚಿನಲ್ಲಿ ಹಗುರವಾಗಿ, ಎಡದಿಂದ ಬಲಕ್ಕೆ ಹೆಸರುಗಳನ್ನೂ ದಿನಾಂಕವನ್ನೂ ಸ್ಥಳವನ್ನೂ ಬರೆದಿಡಬೇಕು. ಹೆಸರಿನ ಜೊತೆಗೆ ಸಂಬಂಧವನ್ನೂ ಬರೆಯುವುದು ಲೇಸು. ದೆಹಲಿಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಬಂಧುಗಳೆಲ್ಲ ‘ಅಂಕಲ್’, ‘ಆಂಟಿ’ಗಳೇ. ದೊಡ್ಡಪ್ಪ, ಸೋದರಮಾವ, ಚಿಕ್ಕಮ್ಮ, ಸೋದರತ್ತೆ ಎಂಬ ಮಾತುಗಳು ಚಿತ್ರದ ಬೆನ್ನಿಗಾದರೂ ಉಳಿದರೆ ಮುಂದೊಂದು ದಿನ ಅವರು ಓದಿ ತಿಳಿದಾರು. ಕನ್ನಡ ಓದಲಾರದ ಮಕ್ಕಳಿಗಾಗಿ ಅದನ್ನೇ ದೇವನಾಗರಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಮತ್ತೊಮ್ಮೆ ಬರೆದರೆ ತಪ್ಪೇನಿಲ್ಲ.

ಮಾರ್ಚಿ ಕಳೆಯಿತೆಂದರೆ ಬಿಸಿಲು ಏರುತ್ತದೆ. ವರ್ಗಾವಣೆಯ ಆದೇಶಗಳು ಹೊರಡುತ್ತವೆ. ಪರೀಕ್ಷೆ ಮುಗಿಸಿದ ಮಕ್ಕಳು ಬೇರೆ ಊರಿನ ಕಾಲೇಜುಗಳತ್ತ ಮುಖಮಾಡುತ್ತಾರೆ. ದೆಹಲಿಯ ಸೆಕೆಯನ್ನು ತಾಳಲಾರದ ಹಿರಿಯರು ಕರ್ನಾಟಕ ಎಕ್ಸ್‌ಪ್ರೆಸ್ ಏರಿ ಊರಿಗೆ ಹಿಂದಿರುಗುತ್ತಾರೆ. ಆದುದರಿಂದ ಹಿರಿಯರು ಜೊತೆಗಿರುವಾಗಲೇ ಫೆಬ್ರುವರಿಯ ಒಂದು ಭಾನುವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡುವುದು ಒಳ್ಳೆಯದು. ಬೇಕಾಗಿರುವುದು ಎರಡು ಮಡಚುವ ಕುರ್ಚಿ, ಒಂದು ಜಮಖಾನ, ಒಂದು ಪೆನ್ಸಿಲು ಮತ್ತು ಅರ್ಧ ಗಂಟೆಯ ಬಿಡುವು.